ಲ್ಯಾಬ್ ಸಾಧು, ರಾಟ್‌ವೀಲರ್ ಕ್ರೂರಿ?

ನಾಯಿ ಸಾಕಲು ಹೊರಟವರ ಮೊದಲ ಪ್ರಶ್ನೆ ‘ಯಾವ ಬ್ರೀಡ್ ಒಳ್ಳೇದು?’ ಕೇಳಿಸಿಕೊಂಡವರ ಬಳಿ ಉತ್ತರವೂ ಸಿದ್ಧವಾಗಿರುತ್ತದೆ. ಲ್ಯಾಬ್ರಡಾರ್ ಸಾಧು ಪ್ರಾಣಿ, ಮಕ್ಕಳಿರುವ ಮನೆಗೆ ಅದೇ ಸರಿ. ಜರ್ಮನ್ ಶೆಫರ್ಡ್‌ಗೆ ನಿಯತ್ತು ಜಾಸ್ತಿ. ಡಾಬರ್‌ಮನ್ ಬೇಡ, ವಯಸ್ಸಾಗುತ್ತಾ ಮಿದುಳು ಬೆಳೆದು ಬುರುಡೆಯಲ್ಲಿ ಜಾಗ ಸಾಲದೆ ಯಜಮಾನನ ಮೇಲೇ ತಿರುಗಿ ಬೀಳುತ್ತದೆ. (ಈ ಕಟ್ಟುಕತೆಯನ್ನು ನಂಬುವ ಓದಿಕೊಂಡವರು ಇಂದಿಗೂ ಸಿಗುತ್ತಾರೆ, ಯಾವ ನಾಯಿಯ ಮಿದುಳೂ ಹಾಗೆ ಬೆಳೆಯುವುದಿಲ್ಲ.) ಪಗ್ ಸೋಮಾರಿ, ಆದ್ದರಿಂದ ಫ್ಲ್ಯಾಟಿಗೆ ಹೇಳಿ ಮಾಡಿಸಿದ್ದು. ಎರಡನೆಯ ಪ್ರಶ್ನೆ ಮರಿಗೆ ಎಷ್ಟು ರೇಟು ಎಂಬುದು. ಅಪ್ಪ-ಅಮ್ಮನ ಸೊಂಟದ ಎಕ್ಸ್‌ರೇ ಆಗಿದೆಯೇ, ಹೃದಯ ತಪಾಸಣೆ ಮಾಡಿಸಿದ್ದೀರಾ ಎಂದು ಕೇಳುವವರು ಅಪರೂಪ.

ಈ ಕ್ರಮವೇ ತಲೆಕೆಳಗಾಗಿದೆ ಎಂಬುದು ನನ್ನ ವಾದ. ಕಳೆದ 60 ವರ್ಷಗಳ ಮುಖ್ಯ ಅಧ್ಯಯನಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ, ತಳಿಯ ಹೆಸರು ನಾಯಿಗೆ ಬರಬಹುದಾದ ಕಾಯಿಲೆಯ ಬಗ್ಗೆ ಬಹಳಷ್ಟು ಹೇಳುತ್ತದೆ. ಅದಕ್ಕೆ ಯಾವ ಕೆಲಸದ ತುಡಿತವಿದೆ ಎಂಬುದರ ಬಗ್ಗೆ ತಕ್ಕಮಟ್ಟಿಗೆ ಹೇಳುತ್ತದೆ. ಅದು ಕಚ್ಚುತ್ತದೆಯೋ ಇಲ್ಲವೋ ಎಂಬುದರ ಬಗ್ಗೆ ತೀರಾ ಕಡಿಮೆ ಹೇಳುತ್ತದೆ. ನಾವಾದರೋ ಕೊನೆಯದಕ್ಕೆ ತಳಿಯನ್ನು ಕಣ್ಣುಮುಚ್ಚಿ ನಂಬುತ್ತೇವೆ, ಮೊದಲನೆಯದನ್ನು ವಿಚಾರಿಸುವುದೇ ಇಲ್ಲ.

ಸರ್ಕಾರವೂ ಹಾಗೆಯೇ ನಂಬಿತ್ತು. 2024ರ ಮಾರ್ಚ್ 12ರಂದು ಕೇಂದ್ರ ಪಶುಸಂಗೋಪನಾ ಇಲಾಖೆ ರಾಜ್ಯಗಳಿಗೆ ಪತ್ರ ಬರೆದು ಪಿಟ್‌ಬುಲ್, ರಾಟ್‌ವೀಲರ್, ಕಾಂಗಲ್, ಕಕೇಶಿಯನ್ ಶೆಫರ್ಡ್, ಅಕಿಟಾ ಸೇರಿದಂತೆ 23 ತಳಿಗಳನ್ನು ‘ಕ್ರೂರ’ ಎಂದು ಗುರುತಿಸಿ, ಅವುಗಳ ಆಮದು, ಸಂತಾನವೃದ್ಧಿ, ಮಾರಾಟ ನಿಲ್ಲಿಸಲು ಹೇಳಿತು. ಈಗಾಗಲೇ ಮನೆಯಲ್ಲಿರುವ ಅಂಥ ನಾಯಿಗಳಿಗೆ ಸಂತಾನಹರಣ ಚಿಕಿತ್ಸೆ ಮಾಡಿಸಬೇಕು ಎಂದೂ ಇತ್ತು. ಅದನ್ನು ಪ್ರಶ್ನಿಸಿ ಬೆಂಗಳೂರಿನಿಂದ ಅರ್ಜಿ ಹೋಯಿತು. ಏಪ್ರಿಲ್‌ನಲ್ಲಿ ಕರ್ನಾಟಕ ಹೈಕೋರ್ಟ್ ಆ ಸುತ್ತೋಲೆಯನ್ನು ರದ್ದುಪಡಿಸಿತು. ಸಂಬಂಧಪಟ್ಟವರ ಮಾತು ಕೇಳದೆ ಹೊರಡಿಸಿದ್ದು, ನಿಯಮದ ದಾರಿಯಲ್ಲಿ ಬಂದದ್ದಲ್ಲ ಎಂಬುದು ಮುಖ್ಯ ಕಾರಣ. ತೀರ್ಪು ನಡೆದದ್ದು ಕಾರ್ಯವಿಧಾನದ ಮೇಲೆ. ತಳಿಯಿಂದ ಕ್ರೌರ್ಯ ಅಳೆಯಬಹುದೇ ಎಂಬ ವಿಜ್ಞಾನದ ಪ್ರಶ್ನೆ ಹಾಗೆಯೇ ಉಳಿಯಿತು.

ಆ ಪ್ರಶ್ನೆಗೆ ಸಿಕ್ಕಿರುವ ದೊಡ್ಡ ಉತ್ತರ 2022ರದ್ದು. ಅಮೆರಿಕದ ಮ್ಯಾಸಚೂಸೆಟ್ಸ್‌ನ ತಳಿವಿಜ್ಞಾನಿ ಎಲಿನಾರ್ ಕಾರ್ಲ್‌ಸನ್ ಅವರ ತಂಡ 18,000ಕ್ಕೂ ಹೆಚ್ಚು ನಾಯಿಗಳ ಮಾಲೀಕರಿಂದ ನಡವಳಿಕೆಯ ವಿವರ ಸಂಗ್ರಹಿಸಿ, 2,000ಕ್ಕೂ ಹೆಚ್ಚು ನಾಯಿಗಳ ಡಿಎನ್‌ಎ ಓದಿ, ಫಲಿತಾಂಶವನ್ನು ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿತು. ನಡವಳಿಕೆಯ ಹಲವು ಗುಣಗಳು ವಂಶವಾಹಿಗಳ ಮೂಲಕ ಬರುವುದು ನಿಜ. ಆದರೆ ಒಂದು ನಾಯಿಗೂ ಇನ್ನೊಂದಕ್ಕೂ ಇರುವ ನಡವಳಿಕೆಯ ವ್ಯತ್ಯಾಸದಲ್ಲಿ ತಳಿಯಿಂದ ವಿವರಿಸಬಹುದಾದ ಪಾಲು ಸುಮಾರು ಶೇ. 9 ಮಾತ್ರ. ಮನುಷ್ಯನ ಮಾತಿಗೆ ಕಿವಿಗೊಡುವ ಗುಣದಲ್ಲಿ ತಳಿಯ ಪ್ರಭಾವ ಎದ್ದು ಕಂಡಿತು. ಎಷ್ಟು ಬೇಗ ರೇಗುತ್ತದೆ ಎಂಬ ಗುಣದಲ್ಲಿ ಮಾತ್ರ ತಳಿಗಳ ನಡುವೆ ಹೇಳಿಕೊಳ್ಳುವಂಥ ಅಂತರವೇ ಸಿಗಲಿಲ್ಲ.

ಇದನ್ನು ‘ತಳಿಗೆ ಅರ್ಥವಿಲ್ಲ’ ಎಂದು ಓದಿಕೊಂಡವರೂ ಇದ್ದಾರೆ. ಅದು ಅವಸರ. ಅಧ್ಯಯನಕ್ಕೆ ಒಳಗಾದವು ಬಹುಪಾಲು ಅಮೆರಿಕದ ಮನೆಗಳ ಮುದ್ದಿನ ನಾಯಿಗಳು. ಉತ್ತರ ಕೊಟ್ಟವರು ಅವುಗಳ ಮಾಲೀಕರು. ಸ್ಕಾಟ್ಲೆಂಡಿನ ಬೆಟ್ಟದಲ್ಲಿ ದಿನವಿಡೀ ಕುರಿ ತಿರುಗಿಸುವ ಬಾರ್ಡರ್ ಕೋಲಿಯನ್ನು ಆ ಲೆಕ್ಕ ಮುಟ್ಟುವುದಿಲ್ಲ. ಇನ್ನೊಂದು ಕಡೆ, 2008ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಜೇಮ್ಸ್ ಸರ್ಪೆಲ್ ಮತ್ತು ಸಂಗಡಿಗರು ಪ್ರಶ್ನಾವಳಿಯ ಮೂಲಕವೇ ತಳಿಗಳ ಆಕ್ರಮಣಶೀಲತೆಯನ್ನು ಹೋಲಿಸಿದಾಗ ಮನುಷ್ಯರ ವಿಷಯದಲ್ಲಿ ಮುಂದೆ ಬಂದವು ಡ್ಯಾಶ್‌ಹೌಂಡ್, ಚಿವಾವಾ, ಜ್ಯಾಕ್ ರಸೆಲ್ ಟೆರಿಯರ್. ಮಡಿಲಲ್ಲಿ ಕೂರುವ ಡ್ಯಾಶ್ ಬೆರಳು ಕಚ್ಚಿದರೆ ಮನೆಯವರು ನಗುತ್ತಾರೆ, ದೂರು ದಾಖಲಾಗುವುದಿಲ್ಲ. 45 ಕಿಲೋ ತೂಗುವ ರಾಟ್‌ವೀಲರ್ ಒಂದೇ ಸಲ ಕಚ್ಚಿದರೂ ಅದು ಆಸ್ಪತ್ರೆಯ ಮಾತು, ಪತ್ರಿಕೆಯ ಸುದ್ದಿ. ದವಡೆಯ ಬಲವನ್ನು ಸ್ವಭಾವ ಎಂದು ಕರೆಯುವುದು ತಪ್ಪು. ಹಾಗೆಂದು ದವಡೆಯ ಬಲವನ್ನು ಕಡೆಗಣಿಸುವುದೂ ತಪ್ಪು. ಹಗ್ಗ ಹಿಡಿದು ನಿಲ್ಲಿಸಲಾಗದವರ ಮನೆಯಲ್ಲಿ ಸಾಧು ಮ್ಯಾಸ್ಟಿಫ್ ಕೂಡ ಅಪಾಯವೇ.

ಹಾಗಾದರೆ ತಳಿ ಎಂದರೆ ಏನು ಉಳಿಯಿತು? ಕೆಲಸ. ರೇಮಂಡ್ ಕಾಪಿಂಜರ್ ಎಂಬ ಅಮೆರಿಕದ ಜೀವವಿಜ್ಞಾನಿ ಇದನ್ನು ಚೆನ್ನಾಗಿ ಬಿಡಿಸಿ ತೋರಿಸಿದ್ದರು. ತೋಳದ ಬೇಟೆ ಒಂದು ಸರಪಳಿ: ದಿಟ್ಟಿಸುವುದು, ಹೊಂಚುವುದು, ಅಟ್ಟುವುದು, ಹಿಡಿಯುವುದು, ಕೊಲ್ಲುವುದು. ಮನುಷ್ಯ ಈ ಸರಪಳಿಯ ಕೆಲವು ಕೊಂಡಿಗಳನ್ನು ಹಿಗ್ಗಿಸಿ, ಕೆಲವನ್ನು ಕುಗ್ಗಿಸಿ ತನಗೆ ಬೇಕಾದ ನಾಯಿಗಳನ್ನು ಮಾಡಿಕೊಂಡ. ಬಾರ್ಡರ್ ಕೋಲಿಯಲ್ಲಿ ದಿಟ್ಟಿಸಿ ಹೊಂಚಿ ಅಟ್ಟುವುದಷ್ಟೇ ಉಳಿದಿದೆ. ಲ್ಯಾಬ್ರಡಾರ್, ಗೋಲ್ಡನ್ ರಿಟ್ರೀವರ್‌ಗಳಲ್ಲಿ ಹಿಡಿಯುವುದು ಉಳಿದು ಕಚ್ಚುವುದು ಮೆತ್ತಗಾಗಿದೆ. ಚಪ್ಪಲಿ, ಚೆಂಡು, ಟವೆಲ್ ಬಾಯಲ್ಲಿಟ್ಟುಕೊಂಡು ಬಂದವರನ್ನು ಎದುರುಗೊಳ್ಳುವುದು ಅದಕ್ಕೇ. ಕುರಿಮಂದೆ ಕಾಯುವ ಕಾಂಗಲ್‌ನಂಥ ನಾಯಿಯಲ್ಲಿ ಬೇಟೆಯ ಸರಪಳಿಯೇ ಬಹುಪಾಲು ಮಲಗಿಬಿಟ್ಟಿದೆ. ಟೆರಿಯರ್‌ನಲ್ಲಿ ಕೊನೆಯ ಕೊಂಡಿ ಜೀವಂತ, ಆದ್ದರಿಂದ ಇಲಿ ಕಂಡರೆ ಅದನ್ನು ತಡೆಯಲಾಗದು.

ಈ ಆಯ್ಕೆ ಬಹಳ ಹಳೆಯದು. ಮಂಡ್ಯ ಜಿಲ್ಲೆಯ ಆತಕೂರಿನ 10ನೇ ಶತಮಾನದ ಶಾಸನ, ಹಂದಿಯೊಡನೆ ಕಾದಾಡಿ ಸತ್ತ ಕಾಳಿ ಎಂಬ ಬೇಟೆನಾಯಿಯ ನೆನಪಿಗೆ ನಿಂತದ್ದು. ಗಂಗರ ಬೂತುಗನ ಸೇವಕ ಮಣಲೆರ ಯುದ್ಧದಲ್ಲಿ ತೋರಿದ ಪರಾಕ್ರಮಕ್ಕೆ ಬಹುಮಾನವಾಗಿ ಪಡೆದದ್ದು ಆ ನಾಯಿಯನ್ನು. ಕಾಳಿಯ ತಳಿ ಯಾವುದೆಂದು ಶಾಸನ ಹೇಳುವುದಿಲ್ಲ, ಹೇಳುವ ಅಗತ್ಯವೂ ಅಂದು ಇರಲಿಲ್ಲ. ನಾಯಿ ಎಂಥದ್ದು ಎಂಬುದನ್ನು ಅದು ಮಾಡಿದ ಕೆಲಸವೇ ಹೇಳುತ್ತಿತ್ತು.

ಇವತ್ತು ನಾವು ಹೇಳುವ ತಳಿ ಹೊಸ ವ್ಯವಸ್ಥೆ. ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ ಶ್ವಾನ ಪ್ರದರ್ಶನ ನಡೆದದ್ದು 1859ರಲ್ಲಿ, ಲಂಡನ್ನಿನಲ್ಲಿ ಕೆನಲ್ ಕ್ಲಬ್ ಹುಟ್ಟಿದ್ದು 1873ರಲ್ಲಿ. ಅಲ್ಲಿಂದ ಮುಂದೆ ವಂಶಾವಳಿಯ ಪುಸ್ತಕ ಮುಚ್ಚಿತು: ಪುಸ್ತಕದಲ್ಲಿರುವ ನಾಯಿಗೆ ಪುಸ್ತಕದಲ್ಲಿರುವ ನಾಯಿಯೇ ಜೋಡಿ. ಆಯ್ಕೆಯ ಮಾನದಂಡವೂ ಕೆಲಸದಿಂದ ರೂಪಕ್ಕೆ ಸರಿಯಿತು. ಸ್ವಭಾವ ಹಲವಾರು ವಂಶವಾಹಿಗಳ ಸಣ್ಣಸಣ್ಣ ಪ್ರಭಾವಗಳ ಒಟ್ಟು ಪರಿಣಾಮ. ಅದು ಪುಸ್ತಕದೊಳಗೆ ಸುಲಭವಾಗಿ ಸಿಕ್ಕಿಬೀಳುವುದಿಲ್ಲ. ಒಂದೇ ವಂಶವಾಹಿಯ ದೋಷದಿಂದ ಬರುವ ಕಾಯಿಲೆ ಸಿಕ್ಕಿಬೀಳುತ್ತದೆ. ತಳಿ ಕಾಯಿಲೆಯನ್ನು ಸ್ಪಷ್ಟವಾಗಿಯೂ ಸ್ವಭಾವವನ್ನು ಮಸುಕಾಗಿಯೂ ಹೇಳುವುದಕ್ಕೆ ಕಾರಣ ಇದೇ.

ನಮ್ಮ ಮುಧೋಳದ ನಾಯಿಯನ್ನು ಇಲ್ಲಿ ತುಸು ನಿಂತು ನೋಡಬೇಕು. ಬಾಗಲಕೋಟೆ ಜಿಲ್ಲೆಯ ಮುಧೋಳ ಸಂಸ್ಥಾನದ ಘೋರ್ಪಡೆ ಅರಸರು ಪೋಷಿಸಿದ ಈ ಬೇಟೆನಾಯಿ ಉದ್ದ ಮೂತಿ, ಆಳವಾದ ಎದೆ, ಒಳಸೇರಿದ ಹೊಟ್ಟೆಯ ಓಟಗಾರ. ಮೂಗಿಗಿಂತ ಕಣ್ಣನ್ನು ನಂಬಿ ಬೇಟೆಯಾಡುವ ಜಾತಿ. 2005ರಲ್ಲಿ ಅಂಚೆ ಇಲಾಖೆ ಹೊರತಂದ ನಾಲ್ಕು ದೇಸಿ ನಾಯಿಗಳ ಅಂಚೆಚೀಟಿಗಳಲ್ಲಿ ಇದೂ ಇತ್ತು. ಮುಧೋಳದ ಬಳಿಯ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವಿದೆ. ಅಲ್ಲಿಂದ ಮರಿಗಳು ತರಬೇತಿಗೆಂದು ಮೀರತ್‌ನ ಸೇನಾ ಕೇಂದ್ರಕ್ಕೂ ಹೋದವು. ಸುತ್ತಲಿನ ಹಳ್ಳಿಗಳ ಎಷ್ಟೋ ಕುಟುಂಬಗಳಿಗೆ ಮರಿ ಮಾರಾಟ ಉಪಕಸುಬು.

ಸೇನೆಯ ಸುದ್ದಿ ಪತ್ರಿಕೆಯಲ್ಲಿ ಬಂದ ಮೇಲೆ ‘ಕಾವಲಿಗೆ ಮುಧೋಳ ಬೇಕು’ ಎನ್ನುವವರು ಹೆಚ್ಚಾದರು. ತಳಿಯ ಕೀರ್ತಿಗೂ ತಳಿಯ ಕೆಲಸಕ್ಕೂ ಸಂಬಂಧ ತಪ್ಪುವುದು ಹೀಗೆ. ಮುಧೋಳ ಅಪರಿಚಿತರ ಕೈ ಮೈಮೇಲೆ ಬೀಳುವುದನ್ನು ಇಷ್ಟಪಡದ ನಾಯಿ, ತನ್ನವರೊಡನೆಯೂ ತುಸು ಗಾಂಭೀರ್ಯದಿಂದ ಇರುವ ನಾಯಿ. ಹೊಲದ ಬದುವಿನಲ್ಲಿ ಮೊಲ ಎದ್ದರೆ ಕಣ್ಣು ಅಲ್ಲಿ ನೆಟ್ಟಿತು, ಮುಗಿಯಿತು. ಹೆಸರು ಹಿಡಿದು ಕೂಗುವವರ ದನಿ ಹಿಂದೆ ಉಳಿಯುತ್ತದೆ. ಇದಕ್ಕೆ ಓಡಲು ಬಯಲು ಬೇಕು, ಗೋಡೆ ಎತ್ತರವಿರಬೇಕು, ಪಕ್ಕದ ಮನೆಯ ಕೋಳಿ ಬೆಕ್ಕುಗಳು ಜೋಪಾನ. 30-40 ಅಳತೆಯ ಸೈಟಿನ ಗೇಟಿಗೆ ಇದನ್ನು ಕಟ್ಟಿಹಾಕುವುದು ಮಾತ್ರ ನನಗೆ ನೋಡಲಾಗುವುದಿಲ್ಲ.

ಕೂಗಿದರೆ ಬಾರದ ನಾಯಿ ದಡ್ಡ ನಾಯಿ ಎಂಬ ತೀರ್ಮಾನವೂ ಇಲ್ಲಿಂದಲೇ ಹುಟ್ಟುತ್ತದೆ. ಕೆನಡಾದ ಮನಶ್ಶಾಸ್ತ್ರಜ್ಞ ಸ್ಟಾನ್ಲಿ ಕೋರೆನ್ 1994ರಲ್ಲಿ ಬರೆದ ಪುಸ್ತಕದ ‘ಬುದ್ಧಿವಂತ ನಾಯಿಗಳ ಪಟ್ಟಿ’ ಇಂದಿಗೂ ವಾಟ್ಸ್ಆ್ಯಪಿನಲ್ಲಿ ತಿರುಗುತ್ತದೆ: ಬಾರ್ಡರ್ ಕೋಲಿ ಮೊದಲು, ಪೂಡಲ್ ಎರಡನೆಯದು, ಜರ್ಮನ್ ಶೆಫರ್ಡ್ ಮೂರನೆಯದು, ಲ್ಯಾಬ್ರಡಾರ್ ಏಳನೆಯದು, ಮುಧೋಳದ ದೂರದ ನೆಂಟ ಎನ್ನಬಹುದಾದ ಅಫ್ಘಾನ್ ಹೌಂಡ್ ಕಟ್ಟಕಡೆಯದು. ಆ ಪಟ್ಟಿ ತಯಾರಾದದ್ದು ವಿಧೇಯತಾ ಸ್ಪರ್ಧೆಗಳ ಸುಮಾರು 200 ತೀರ್ಪುಗಾರರ ಅಭಿಪ್ರಾಯದಿಂದ. ಹೇಳಿದ್ದನ್ನು ಎಷ್ಟು ಬೇಗ ಮಾಡುತ್ತದೆ ಎಂಬುದಷ್ಟೇ ಅಲ್ಲಿನ ಅಳತೆ. ಬಾರ್ಡರ್ ಕೋಲಿಯ ಸಾಮರ್ಥ್ಯ ದೊಡ್ಡದೇ. ಅಮೆರಿಕದ ಚೇಸರ್ ಎಂಬ ಹೆಣ್ಣುನಾಯಿಗೆ ಜಾನ್ ಪಿಲ್ಲಿ 1,022 ಆಟಿಕೆಗಳ ಹೆಸರು ಕಲಿಸಿದ್ದರು. ಆದರೆ ಮನುಷ್ಯನ ಕಡೆ ತಿರುಗಿ ನೋಡದೆ ತಾನೇ ನಿರ್ಧರಿಸಿ ಓಡಲೆಂದು ತಲೆಮಾರುಗಳಿಂದ ಆರಿಸಿದ ನಾಯಿಯನ್ನು ಈ ಪರೀಕ್ಷೆಗೆ ಕೂರಿಸಿ ಫೇಲು ಮಾಡುವುದು ನ್ಯಾಯವಲ್ಲ.

ಕಲಿಸುವ ವಿಧಾನದಲ್ಲಿ ತಳಿಗಿಂತ ಪದ್ಧತಿಯ ಪಾತ್ರ ದೊಡ್ಡದು. ಜರ್ಮನಿಯ ಪೊಲೀಸ್ ಅಧಿಕಾರಿ ಕೊನ್ರಾಡ್ ಮೋಸ್ಟ್ 1910ರಲ್ಲಿ ಬರೆದ ಕೈಪಿಡಿಯ ಎಳೆದು-ಜಗ್ಗುವ ಕ್ರಮ ಎರಡು ಮಹಾಯುದ್ಧಗಳ ಮೂಲಕ ಜಗತ್ತಿನ ತುಂಬ ಹರಡಿತು. ಅದಕ್ಕೆ ‘ನೀನು ಗುಂಪಿನ ನಾಯಕನಾಗಬೇಕು’ ಎಂಬ ತತ್ವ ಸೇರಿಕೊಂಡದ್ದು ತೋಳಗಳಿಂದ. ಬಂಧನದಲ್ಲಿದ್ದ, ಒಂದಕ್ಕೊಂದು ಸಂಬಂಧವಿಲ್ಲದ ತೋಳಗಳನ್ನು ನೋಡಿ ರುಡಾಲ್ಫ್ ಶೆಂಕೆಲ್ 1947ರಲ್ಲಿ ಬರೆದದ್ದನ್ನು 1970ರಲ್ಲಿ ಡೇವಿಡ್ ಮೆಕ್ ಜನಪ್ರಿಯಗೊಳಿಸಿದರು. ಕಾಡಿನ ತೋಳಗಳ ಗುಂಪು ನಿಜವಾಗಿ ಅಪ್ಪ-ಅಮ್ಮ-ಮಕ್ಕಳ ಸಂಸಾರ ಎಂದು 1999ರಲ್ಲಿ ತಿದ್ದಿದವರೂ ಮೆಕ್ ಅವರೇ. ತಿದ್ದುಪಡಿ ನಮ್ಮೂರ ಎಷ್ಟೋ ತರಬೇತುದಾರರಿಗೆ ಇನ್ನೂ ತಲುಪಿಲ್ಲ. ಮರಿಯನ್ನು ಅಂಗಾತ ಒತ್ತಿಹಿಡಿದು ‘ಬಾಸ್ ಯಾರು ಅಂತ ತೋರಿಸಿ’ ಎನ್ನುವವರಿದ್ದಾರೆ. 2009ರಲ್ಲಿ ಮೇಗನ್ ಹೆರಾನ್ ಮತ್ತು ಸಂಗಡಿಗರು ವರ್ತನೆಯ ತೊಂದರೆಗೆಂದು ಚಿಕಿತ್ಸಾಲಯಕ್ಕೆ ಬಂದ ನಾಯಿಗಳ ಮಾಲೀಕರನ್ನು ವಿಚಾರಿಸಿದಾಗ, ಹೊಡೆತ ಒದೆತಕ್ಕೆ ಶೇ. 43ರಷ್ಟು ನಾಯಿಗಳು ತಿರುಗಿಬಿದ್ದದ್ದು ಗೊತ್ತಾಯಿತು. ಕ್ರೂರ ತಳಿ ಎಂದು ಹೆದರಿ ಹೊಡೆದು ಪಳಗಿಸಲು ಹೋದರೆ ಕ್ರೌರ್ಯವನ್ನು ನಾವೇ ಕಲಿಸಿದಂತೆ. ತಿಂಡಿ, ಆಟ, ಶ್ಲಾಘನೆಯ ದಾರಿ ಎಲ್ಲ ತಳಿಗೂ ಕೆಲಸ ಮಾಡುತ್ತದೆ, ಬದಲಾಗುವುದು ಬಹುಮಾನ. ಲ್ಯಾಬ್‌ಗೆ ತಿಂಡಿ, ಬೆಲ್ಜಿಯನ್ ಮ್ಯಾಲಿನೋಗೆ ಚೆಂಡು, ಬೀಗಲ್‌ಗೆ ವಾಸನೆ ಹಿಡಿದು ಹೋಗುವ ಸ್ವಾತಂತ್ರ್ಯವೇ ಬಹುಮಾನ. ಹಸ್ಕಿಗೆ ಓಟ. ಬೆಂಗಳೂರಿನ ಎರಡು ಕೋಣೆಯ ಮನೆಯಲ್ಲಿ ಹಸ್ಕಿ ಸೋಫಾ ಹರಿದರೆ ಅದು ತರಬೇತಿಯ ಕೊರತೆಯಲ್ಲ, ಸೈಬೀರಿಯದ ಹಿಮದಲ್ಲಿ ಗಾಡಿ ಎಳೆಯಲು ಬೆಳೆಸಿದ ಕಾಲುಗಳಿಗೆ ಕೆಲಸವಿಲ್ಲದ್ದು.

ಎಲ್ಲ ತಳಿಗೂ ಸಮನಾಗಿ ಅನ್ವಯಿಸುವುದು ಒಂದು ಕಾಲಾವಧಿ. ಅಮೆರಿಕದ ಮೇನ್‌ನ ಬಾರ್ ಹಾರ್ಬರ್‌ನಲ್ಲಿ ಜಾನ್ ಪಾಲ್ ಸ್ಕಾಟ್ ಮತ್ತು ಜಾನ್ ಫುಲ್ಲರ್ ಐದು ತಳಿಗಳ ನೂರಾರು ಮರಿಗಳನ್ನು ಒಂದೇ ರೀತಿ ಬೆಳೆಸಿ ನೋಡಿ 1965ರಲ್ಲಿ ಗ್ರಂಥವಾಗಿ ಪ್ರಕಟಿಸಿದರು. ಮರಿ ಲೋಕಕ್ಕೆ ತೆರೆದುಕೊಳ್ಳುವ ಕಿಟಕಿ ಹೆಚ್ಚುಕಡಿಮೆ 3ರಿಂದ 12 ವಾರಗಳ ನಡುವೆ ತೆರೆದಿರುತ್ತದೆ. ಆ ಹೊತ್ತಿನಲ್ಲಿ ಮಕ್ಕಳು, ಮುದುಕರು, ಹೆಲ್ಮೆಟ್ ತೊಟ್ಟವರು, ಪಟಾಕಿ ಸದ್ದು, ಆಟೋ ಇವನ್ನು ನೆಮ್ಮದಿಯಿಂದ ಕಂಡ ಮರಿ ಮುಂದೆ ಬೆದರುವುದು ಕಡಿಮೆ. ಕಚ್ಚುವ ನಾಯಿಗಳಲ್ಲಿ ಹೆಚ್ಚಿನವು ಬೆದರಿದ ನಾಯಿಗಳೇ. ನಮ್ಮಲ್ಲಿ 2017ರ ನಿಯಮ 8 ವಾರಕ್ಕಿಂತ ಚಿಕ್ಕ ಮರಿಯ ಮಾರಾಟವನ್ನು ನಿಷೇಧಿಸಿದೆ. ಲಸಿಕೆ ಪೂರ್ಣವಾಗುವುದು 16 ವಾರದ ಹೊತ್ತಿಗೆ. ಲಸಿಕೆ ಮುಗಿಯುವವರೆಗೆ ಮರಿಯನ್ನು ಕೋಣೆಯಲ್ಲಿಟ್ಟರೆ ಪಾರ್ವೊದಂಥ ಸೋಂಕು ತಪ್ಪಬಹುದು, ಕಿಟಕಿ ಮುಚ್ಚಿಹೋಗುತ್ತದೆ. ಹೆಗಲ ಮೇಲೆ ಹೊತ್ತು ಬೀದಿ ತೋರಿಸುವುದು, ಲಸಿಕೆಯಾದ ನಾಯಿಗಳ ಮನೆಗೆ ಕರೆದೊಯ್ಯುವುದು ಇದಕ್ಕೆ ಪಶುವೈದ್ಯರು ಹೇಳುವ ಉಪಾಯ.

ಪೊಲೀಸ್ ಶ್ವಾನದಳಗಳು ತಳಿ ನೋಡಿಯೇ ಆರಿಸುತ್ತವಲ್ಲ ಎಂದು ಕೇಳಬಹುದು. ಹೌದು, ಕೆಲಸಕ್ಕೆ ತಳಿ ಉಪಯೋಗಕ್ಕೆ ಬರುತ್ತದೆ ಎಂಬುದಕ್ಕೆ ಅದೇ ಸಾಕ್ಷಿ. ದಾವಣಗೆರೆ ಪೊಲೀಸರ ತುಂಗಾ ಎಂಬ ಡಾಬರ್‌ಮನ್ 2020ರಲ್ಲಿ ಕೊಲೆ ಆರೋಪಿಯ ಜಾಡು ಹಿಡಿದು ಹತ್ತು ಕಿಲೋಮೀಟರಿಗೂ ಹೆಚ್ಚು ಓಡಿದ್ದನ್ನು ಓದಿದವರು ಮರೆತಿರಲಾರರು. ಆದರೆ ಅಲ್ಲಿಯೂ ಒಂದೇ ಸೂಲಿನ ಮರಿಗಳಲ್ಲಿ ಎಲ್ಲವೂ ಆಯ್ಕೆಯಾಗುವುದಿಲ್ಲ.

ಇನ್ನು ಆರೋಗ್ಯ. ಇಲ್ಲಿ ತಳಿಯ ಹೆಸರು ಗೊಣಗುವುದಿಲ್ಲ, ಕೂಗಿ ಹೇಳುತ್ತದೆ.

ಲ್ಯಾಬ್ರಡಾರ್‌ನ ಹೊಟ್ಟೆಬಾಕತನವನ್ನೇ ನೋಡಿ. 2016ರಲ್ಲಿ ಕೇಂಬ್ರಿಜ್‌ನ ಎಲಿನಾರ್ ರಾಫನ್ ತಂಡ ಪಿಒಎಂಸಿ ಎಂಬ ವಂಶವಾಹಿಯಲ್ಲಿ ಸಣ್ಣ ತುಂಡೊಂದು ಬಿಟ್ಟುಹೋಗಿರುವುದನ್ನು ಕಂಡುಹಿಡಿಯಿತು. ಸುಮಾರು ಕಾಲುಭಾಗ ಲ್ಯಾಬ್ರಡಾರ್‌ಗಳಲ್ಲಿ ಅದಿದೆ. ಇಂಥ ನಾಯಿಗೆ ‘ಹೊಟ್ಟೆ ತುಂಬಿತು’ ಎಂಬ ಸಂಕೇತ ಸರಿಯಾಗಿ ಸಿಗುವುದಿಲ್ಲ. ನೆರವಿನ ನಾಯಿಗಳಾಗಿ ತರಬೇತಿ ಪಡೆದ ಲ್ಯಾಬ್‌ಗಳಲ್ಲಿ ಈ ದೋಷ ಇನ್ನೂ ಹೆಚ್ಚು ಕಂಡಿತು. ತಿಂಡಿಗೆ ಸದಾ ಹಸಿದ ನಾಯಿ ಬೇಗ ಕಲಿಯುತ್ತದೆ ಎಂಬುದು ಅದಕ್ಕೆ ಸಂಭವನೀಯ ಕಾರಣ. ನಾವು ‘ಒಳ್ಳೆಯ ಸ್ವಭಾವ’ ಎಂದು ಮೆಚ್ಚಿದ್ದರಲ್ಲಿ ಒಂದು ಪಾಲು ಕಾಯಿಲೆಯ ಮೂಲವೂ ಆಗಿರಬಹುದು. ಇದರ ಮೇಲೆ ಅನ್ನ, ಬಿಸ್ಕತ್ತು, ಮಧ್ಯಾಹ್ನದ ಮೊಸರು ಬಿದ್ದರೆ ಮೊದಲೇ ದುರ್ಬಲವಾದ ಸೊಂಟದ ಕೀಲು ಏಳನೆಯ ವಯಸ್ಸಿಗೆ ಕೈಕೊಡುತ್ತದೆ.

ಸೊಂಟದ ಕೀಲು ಸಡಿಲವಾಗುವ ತೊಂದರೆ ಜರ್ಮನ್ ಶೆಫರ್ಡ್‌ನಲ್ಲೂ ಕುಖ್ಯಾತ. ಮಾಕ್ಸ್ ಫಾನ್ ಸ್ಟೆಫಾನಿಟ್ಸ್ 1899ರಲ್ಲಿ ಈ ತಳಿಯನ್ನು ಕಟ್ಟಿದ್ದು ಕುರಿ ಕಾಯುವ ದುಡಿಮೆಗೆ. ಪ್ರದರ್ಶನದ ಕಣಕ್ಕೆ ಬಂದ ಮೇಲೆ ಬೆನ್ನು ಹಿಂದಕ್ಕೆ ಇಳಿಜಾರಾಯಿತು. ಡಾಬರ್‌ಮನ್‌ಗೆ ಹೃದಯದ ಸ್ನಾಯು ಹಿಗ್ಗುವ ಕಾಯಿಲೆ. ಯುರೋಪಿನ ಡಾಬರ್‌ಮನ್‌ಗಳಲ್ಲಿ ಅರ್ಧಕ್ಕಿಂತ ಹೆಚ್ಚಿಗೆ ಜೀವಮಾನದಲ್ಲಿ ಅದು ಬರುತ್ತದೆಂದು ಕಂಡಿದೆ. ಮಿದುಳಿನ ಸುಳ್ಳುಕತೆ ಹೇಳುವವರು ಈ ನಿಜವನ್ನು ಹೇಳುವುದಿಲ್ಲ. ಡ್ಯಾಶ್‌ಹೌಂಡ್‌ನ ಗಿಡ್ಡ ಕಾಲಿಗೆ ಕಾರಣವಾದ ವಂಶವಾಹಿಯ ಬದಲಾವಣೆಗೂ ಬೆನ್ನೆಲುಬಿನ ಡಿಸ್ಕ್ ಜಾರಲು ಕಾರಣವಾಗುವ ಬದಲಾವಣೆಗೂ ಹತ್ತಿರದ ನೆಂಟಸ್ತಿಕೆ, ಆದ್ದರಿಂದ ಅದನ್ನು ಮೆಟ್ಟಿಲು ಹತ್ತಿಳಿಸಬಾರದು. ಗ್ರೇಟ್ ಡೇನ್‌ಗೆ ಹೊಟ್ಟೆ ತಿರುಚಿಕೊಳ್ಳುವ ಅಪಾಯ, ಜತೆಗೆ ಆಯುಸ್ಸೇ ಕಡಿಮೆ. ಕೋಲಿ ಜಾತಿಯವುಗಳಲ್ಲಿ ಬಹಳಷ್ಟಕ್ಕೆ ಎಂಡಿಆರ್1 ಎಂಬ ವಂಶವಾಹಿ ದೋಷವಿದ್ದು, ಕಜ್ಜಿಗೆ ಕೊಡುವ ಪ್ರಮಾಣದ ಐವರ್‌ಮೆಕ್ಟಿನ್ ಅವುಗಳ ಮಿದುಳಿಗೆ ವಿಷವಾಗಬಹುದು. ಕಜ್ಜಿ, ಉಣ್ಣಿ ಎಂದರೆ ಆ ಇಂಜೆಕ್ಷನ್ ಧಾರಾಳವಾಗಿ ಬೀಳುವ ನಮ್ಮ ನಾಡಿನಲ್ಲಿ ಇದನ್ನು ತಿಳಿದಿರುವುದು ಪ್ರಾಣದ ಪ್ರಶ್ನೆ. ಗ್ರೇಹೌಂಡ್ ಕೆಲವು ಅರಿವಳಿಕೆಗಳಿಂದ ನಿಧಾನವಾಗಿ ಚೇತರಿಸಿಕೊಳ್ಳುತ್ತದೆ. ಅದೇ ಮೈಕಟ್ಟಿನ, ಕೊಬ್ಬಿಲ್ಲದ ಮುಧೋಳಕ್ಕೂ ಶಸ್ತ್ರಚಿಕಿತ್ಸೆಗೆ ಮುನ್ನ ಆ ಎಚ್ಚರ ಒಳ್ಳೆಯದು.

ಎಲ್ಲಕ್ಕಿಂತ ನೋವಿನದು ಚಪ್ಪಟೆ ಮೂತಿಯ ನಾಯಿಗಳ ಕತೆ. 2003ರ ಸುಮಾರಿಗೆ ಹಚ್ ಮೊಬೈಲ್ ಕಂಪನಿಯ ಜಾಹೀರಾತಿನಲ್ಲಿ ಹುಡುಗನ ಹಿಂದೆ ಹಿಂದೆ ನಡೆದ ಪಗ್ ದೇಶದ ಮನೆಮನೆಗೆ ಬಂತು. ಮೂತಿ ಗಿಡ್ಡವಾದರೂ ಒಳಗಿನ ಅಂಗಾಂಶ ಅಷ್ಟೇ ಗಿಡ್ಡವಾಗದೆ ಉಸಿರಿನ ದಾರಿ ಇಕ್ಕಟ್ಟಾಗುತ್ತದೆ. ನಾಯಿ ಮೈ ತಣಿಸಿಕೊಳ್ಳುವುದು ಏದುಸಿರಿನಿಂದ. ಉಸಿರೇ ಸಾಲದ ಪಗ್‌ಗೆ ರಾಯಚೂರಿನ ಏಪ್ರಿಲ್ ಎಂದರೆ ಯಮನೇ. ಅದು ಸೋಮಾರಿಯಲ್ಲ, ಉಸಿರಾಡಲಾರದೆ ಕೂತದ್ದು. ಮುದ್ದಾದ ಗೊರಕೆ ಎಂದು ಮೊಬೈಲಿನಲ್ಲಿ ಚಿತ್ರಿಸಿಕೊಳ್ಳುವುದು ಆ ಇಕ್ಕಟ್ಟಿನ ಸದ್ದನ್ನೇ. ಇಂಗ್ಲಿಷ್ ಬುಲ್‌ಡಾಗ್‌ಗಳಲ್ಲಿ, ಬ್ರಿಟನ್ನಿನ ಲೆಕ್ಕದ ಪ್ರಕಾರ, ಶೇ. 80ಕ್ಕೂ ಹೆಚ್ಚು ಹೆರಿಗೆ ಸಿಸೇರಿಯನ್. ತಾನಾಗಿ ಹೆರಲಾಗದ ಪ್ರಾಣಿಯನ್ನು ಮಾಡಿಟ್ಟು ಅದಕ್ಕೆ ಪದಕ ಹಾಕುವ ಈ ಅಭಿರುಚಿಯ ಬಗ್ಗೆ ನನಗೆ ಮರುಕಕ್ಕಿಂತ ಸಿಟ್ಟೇ ಹೆಚ್ಚು. ನೆದರ್ಲೆಂಡ್ಸ್ ಅತಿ ಗಿಡ್ಡ ಮೂತಿಯ ನಾಯಿಗಳ ಸಂತಾನವೃದ್ಧಿಗೆ ಕಡಿವಾಣ ಹಾಕಿದೆ. ನಾರ್ವೆಯ ಸುಪ್ರೀಂ ಕೋರ್ಟು 2023ರಲ್ಲಿ, ಹೃದಯದ ಕವಾಟದ ಕಾಯಿಲೆಯೂ ತಲೆಬುರುಡೆಯ ಇಕ್ಕಟ್ಟೂ ವಂಶಕ್ಕೇ ಅಂಟಿರುವ ಕ್ಯಾವಲಿಯರ್ ಕಿಂಗ್ ಚಾರ್ಲ್ಸ್ ಸ್ಪ್ಯಾನಿಯಲ್‌ಗಳನ್ನು ಈಗಿನಂತೆ ಬೆಳೆಸುವುದು ಪ್ರಾಣಿ ಕಲ್ಯಾಣ ಕಾನೂನಿಗೆ ವಿರುದ್ಧ ಎಂದು ಹೇಳಿತು.

ಪರಿಹಾರ ಇಲ್ಲದ್ದಲ್ಲ. ಡಾಲ್ಮೇಶನ್ ತಳಿಗೆ ಮೂತ್ರದಲ್ಲಿ ಯೂರಿಕ್ ಆಮ್ಲ ಹೆಚ್ಚಾಗಿ ಕಲ್ಲು ಕಟ್ಟುವ ದೋಷ ತಳಿಯ ತುಂಬ ಇತ್ತು. ರಾಬರ್ಟ್ ಶೈಬಲ್ ಎಂಬ ತಳಿವಿಜ್ಞಾನಿ 1973ರಲ್ಲಿ ಒಂದೇ ಒಂದು ಬಾರಿ ಪಾಯಿಂಟರ್ ನಾಯಿಯೊಡನೆ ಕೂಡಿಸಿ, ಮುಂದಿನ ತಲೆಮಾರುಗಳನ್ನೆಲ್ಲ ಮತ್ತೆ ಡಾಲ್ಮೇಶನ್‌ಗೇ ಕೊಟ್ಟು, ಚುಕ್ಕೆ ಉಳಿಸಿ ದೋಷ ತೆಗೆದರು. ಅಮೆರಿಕದ ಕೆನಲ್ ಕ್ಲಬ್ ಈ ವಂಶವನ್ನು ಪೂರ್ಣವಾಗಿ ಒಪ್ಪಿದ್ದು 2011ರಲ್ಲಿ. ಆರೋಗ್ಯವಂತ ನಾಯಿಯನ್ನು ‘ಶುದ್ಧ’ ಎಂದು ಒಪ್ಪಲು 38 ವರ್ಷ.

ಬೀದಿಯ ಮಿಶ್ರತಳಿಯಾದರೆ ಈ ರಗಳೆಯೇ ಇಲ್ಲ ಎಂಬುದೂ ಅರ್ಧಸತ್ಯ. 2024ರಲ್ಲಿ ಬ್ರಿಟನ್ನಿನ 5 ಲಕ್ಷಕ್ಕೂ ಹೆಚ್ಚು ನಾಯಿಗಳ ದಾಖಲೆ ನೋಡಿದ ಅಧ್ಯಯನದಲ್ಲಿ ಶುದ್ಧ ತಳಿಗಳ ಮಧ್ಯಕ ಆಯುಸ್ಸು 12.7 ವರ್ಷ, ಮಿಶ್ರತಳಿಗಳದು 12 ವರ್ಷ. ದೊಡ್ಡ ಗಾತ್ರದವೂ ಚಪ್ಪಟೆ ಮೂತಿಯವೂ ಮಾತ್ರ ಸ್ಪಷ್ಟವಾಗಿ ಹಿಂದೆ ಬಿದ್ದವು. ನಮ್ಮ ಬೀದಿಯಲ್ಲಿ ಬದುಕುಳಿದ ದೇಸಿ ನಾಯಿಗೆ ಈ ಹವೆ ಒಗ್ಗಿದೆ, ಮೂತಿ ಉದ್ದವಿದೆ, ಕೀಲು ಗಟ್ಟಿಯಿದೆ. ಪಾರ್ವೊ, ಡಿಸ್ಟೆಂಪರ್, ಉಣ್ಣಿ ತರುವ ಎರ್ಲಿಕಿಯಾ, ಬೆಬೀಸಿಯಾಗಳು ಮಾತ್ರ ತಳಿ ಕೇಳಿಕೊಂಡು ಬರುವುದಿಲ್ಲ. ದೇಸಿ ಮರಿಗೆ ಬೇಕಾದದ್ದು ಸಕಾಲದ ಲಸಿಕೆ, ವರ್ಷವಿಡೀ ಉಣ್ಣಿಯ ಔಷಧ. ಹಣ ಕೊಟ್ಟು ತಳಿ ಮರಿ ತರುವವರಿಗೆ ಇವುಗಳ ಜತೆ ಇನ್ನಷ್ಟು: ಲ್ಯಾಬ್, ಶೆಫರ್ಡ್ ಆದರೆ ಹೆತ್ತವುಗಳ ಸೊಂಟದ ಎಕ್ಸ್‌ರೇ, ಡಾಬರ್‌ಮನ್ ಆದರೆ ಹೃದಯದ ಎಕೋ ಮತ್ತು 24 ಗಂಟೆಯ ಇಸಿಜಿ, ಕೋಲಿಯಾದರೆ ಎಂಡಿಆರ್1 ಪರೀಕ್ಷೆ, ಡಾಲ್ಮೇಶನ್ ಆದರೆ ಕಿವಿ ಕೇಳಿಸುತ್ತದೆಯೇ ಎಂಬ ತಪಾಸಣೆ, ಮತ್ತು ಯಾವುದೇ ಆದರೂ ಮರಿಯ ತಾಯಿಯನ್ನು ಅದರ ಮನೆಯಲ್ಲೇ ನೋಡುವುದು. ಅಪರಿಚಿತರ ಮುಂದೆ ಆ ತಾಯಿ ಹೇಗೆ ನಡೆದುಕೊಳ್ಳುತ್ತದೆ ಎಂಬುದು ಮರಿಯ ಸ್ವಭಾವದ ಬಗ್ಗೆ ತಳಿಯ ಹೆಸರಿಗಿಂತ ಹೆಚ್ಚು ತಿಳಿಸುತ್ತದೆ. ಬುಟ್ಟಿಯಲ್ಲಿ ಮರಿಯಿಟ್ಟುಕೊಂಡು ಬಸ್‌ಸ್ಟ್ಯಾಂಡಿಗೆ ಬರುತ್ತೇನೆ, ಅಲ್ಲೇ ತಗೊಳ್ಳಿ ಎನ್ನುವ ಮಾರಾಟಗಾರನ ಬಳಿ ಇದ್ಯಾವುದೂ ಇರುವುದಿಲ್ಲ.